ಹತ್ತೇ ಮಾತಿನ ಗೈಡ್

"ಹಲೋ... ಹಲೋ, ಯಾರ್ರೀ?... ಹಾಂ, ಶಾಮಲಾ ಮೇಡಂ! ಹೊಸಾ ನಂಬರೇನ್ರಿ? ನಾ ಶರಣ... ಇಲ್ರಿ, ನೆಗಡಿ ಅಲ್ರಿ. ಮೂಗು ಒಡದಾರ. ಬಾಯಿ ತುಂಬ ರಕ್ತ ಐತಿ."

ಫೋರ್ಟ್ ಬಡಾವಣೆಯ ಹತ್ತಿ ವ್ಯಾಪಾರಿಯೊಬ್ಬನ ಹಳೆಯ ಬಂಗಲೆ ಈಗ ಟಿಕೆಟ್ ಕೊಂಡು ನೋಡುವ ಮನೆ. ವಿಜಯಪುರದ ಶರಣ ಅಲ್ಲಿ ಗೈಡು, ಶಾಮಲಾ ಮ್ಯಾನೇಜರು. ಮೇಲ್ಮಹಡಿಯ ಕೋಣೆಯೊಂದರಲ್ಲಿ ಅವನು ಒಳಗಿನಿಂದ ಅಗುಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಹೊರಗಿನಿಂದ ಒದೆ ಬೀಳುತ್ತಲೇ ಇತ್ತು.

"... ಜಾಸ್ತಿ ಮಾತಾಡಿಲ್ರಿ, ದೇವರಾಣೆ! ಒಂದ್ ಖೋಲ್ಯಾಗ ಹತ್ತಽ ಮಾತು, ಹನ್ನೊಂದಾದ್ರ ನೌಕರಿ ಇಲ್ಲ ಅಂದಿದ್ರಲ್ಲ? ಎಣಿಸಿ ಆಡೀನ್ರಿ."

"... ಹಾಂ? ಹೊಡದಾಂವಗ ಏನಂದೆ? ಅವಗ ಏನೂ ಅಂದಿಲ್ರಿ! ಬೆಳಗಾವಿ ಮಂದಿ ಬಂದಿದ್ರು. ಅವರಿಗೆ ಹಿಂದ ಬೆರಳ ತೋರಿಸಿ 'ಸಾಲಾಗ್ರಿ, ಸಾಲಾಗ್ರಿ' ಅಂದೆ. ಮೊದಲಿನಂಗಾದ್ರ 'ಲೈನ್ ಮೇ ಆಯಿಯೇ' ಅಂತ ಹಿಂದಿ ಒಳಗೂ ಹೇಳ್ತಿದ್ದೆ. ಮಾತು ಉಳಸಾಕ ಹೋಗಿ ಬಿಟ್ಟೆ... ಹೂಂ. ಹಿಂದ ಕನ್ನಡ ಬರಲಾರದ ಹಿತೇಶ್ ಅಂತ ಒಬ್ಬಾಂವ ನಿಂತಿದ್ದ. ಹೆಂಡ್ತಿ ಮುಂದ ನನಗ ಬೆರಳ ಮಾಡಿ 'ಸಾಲಾ' ಅಂತ ಬೈದಾ ಅಂತ ತಿಳದಾ. ಹಿಂದಿ ಕಿವಿಗೆ ಅದು ಬೈಗಳದಂಗಽ ಕೇಳತೈತಿ, ಅಲ್ಲೇನ್ರಿ?"

"... ಹೊಡದಾ ಅಂದ್ರ! ಹಗ್ಗ ಕಟ್ಟೂ ಹಿತ್ತಾಳಿ ಕಂಬ ಎತ್ತಿ ಮಾರಿಗೆ ಬಾರಿಸಿದ. ಎರಡ ಹಲ್ಲ ಹ್ವಾದೂರಿ... ನಾನಾ? ನಾನೂ ಕೊರಳಪಟ್ಟಿ ಹಿಡದು ಗ್ವಾಡಿಗೆ ಬಡದೆ. ಸುಳ್ಳ್ಯಾಕ ಹೇಳ್ಲಿ? ಈಗ ಅವನೂ ಅವನ ಮಂದೀನೂ ಕೂಡಿ ಬಾಗಲಾ ಒದ್ಯಾಕತ್ತಾರ."

ಇನ್ನೂ ನಾಲ್ಕು ಬಡಿಯಬೇಕಿತ್ತು ಎನಿಸಿತು ಶರಣನಿಗೆ. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಬಲ್ಲ ಮಾತನ್ನು ಆಡಗೊಡದಿದ್ದರೆ ಗಾದೆ ತಾನೇ ಏನು ಮಾಡೀತು? ಒದೆತಕ್ಕೆ ಅಗುಳಿಯ ಒಂದು ಮೊಳೆ ಕಿತ್ತು ಅವನ ಕಾಲ ಬಳಿ ಬಿತ್ತು.

"... ಹಾಂ, ಕೇಳಾಕತ್ತೈತಿ. ಪೊಲೀಸ್ರು ಬರೂತನಕ ಬಾಗಲಾ ತೆಗೀಬಾರ್ದು. ತೆಗೆದು ಮತ್ತ ಕೈ ಮಾಡಿದ್ರ ನೌಕರಿ ಹೋತು... ಆತ್ರಿ. ಮನಿಯಾಗ ಉಣ್ಣಾವ್ರು ಐದ್ ಮಂದಿ ಅದಾರ, ನನಗೂ ಗೊತ್ತೈತಿ. ತೆಗಿಯಂಗಿಲ್ಲ."

"... ತಡೀರಿ ಮೇಡಂ. ಹೊರಗ ಬಸಲಿಂಗವ್ವನ ದನಿ... ಅದಽರಿ, ನಮ್ಮ ಕಸಾ ಹೊಡ್ಯಾಕಿ. 'ಗಾಲಿ ನಹೀ ಸಾಬ್, ಲೈನ್ ಬೋಲಾ, ಲೈನ್' ಅಂತ, ಅದು ಬೈಗಳ ಅಲ್ಲಂತ ತಿಳಿಸಿ ಹೇಳಾಕತ್ತಾಳ. ನಾ ಹೇಳಬೇಕಾದ್ದು, ಪಾಪ, ಆ ಮುದುಕಿ..."

ಮೆಟ್ಟಿಲ ಮೇಲೆ ಏನೋ ಉರುಳಿದ ಸದ್ದಾಯಿತು. ಹೆಂಗಸರು ಚೀರಿದರು.

"... ಆಕಿನ್ನ ನೂಕಿದ್ರು ಮೇಡಂ! ಮ್ಯಾಲಿಂದ ನೂಕಿದ್ರು! ಬಸಲಿಂಗವ್ವಾ! ಯವ್ವಾ!... ದನಿ ಬರವಲ್ದು... ಏನ್ರಿ? ತೆಗೀಬ್ಯಾಡಾ? ಇನ್ನೂ ತೆಗೀಬ್ಯಾಡಾ?... ನಿಮ್ಮ ನೌಕರಿ ನಿಮ್ಮ ಹಂತೇಕ ಇರ್ಲಿ. ನಾ ತೆಗ್ಯಾಕತ್ತೀನಿ..."

ಅವನು ಅಗುಳಿ ಸರಿಸಿದ. ಫೋನು ನೆಲಕ್ಕೆ ಬಿದ್ದು ಕರೆ ಕಡಿದುಹೋಯಿತು.