ದೇವದಾರು ಜಾಲರಿಯ ಈಚೆ ಬದಿ

ಗೋಡೆ ಎಲ್ಲಿ ಅಂತ ಹುಡುಕಬೇಡಿ, ಬೀಗಿತ್ತಿಯವರೇ. ಗೋಡೆ ಇಲ್ಲ! ನಾನೇ ಒಡೆಸಿದೆ. ಅಡುಗೆಮನೆ, ಊಟದ ಜಾಗ, ಬಂದವರು ಕೂರುವ ಕೋಣೆ, ಎಲ್ಲವೂ ಈಗ ಒಂದೇ ಹಜಾರ. ಚಪ್ಪಲಿ ಅಲ್ಲೇ ಬಿಡಿ. ನಿಮ್ಮ ಬಣ್ಣಗಾರರ ಓಣಿಯ ಕೆಸರು ಈ ನೆಲಕ್ಕೆ ಒಗ್ಗುವುದಿಲ್ಲ... ಯಾಕೆ ಹಾಗೆ ನೋಡುತ್ತೀರಿ? ಕೆಸರನ್ನು ಕೆಸರು ಅಂದೆ, ಅಷ್ಟೇ.

ಮುನ್ಯಾ, ನೀನು ಒಲೆಯ ಹತ್ತಿರವೇ ನಿಲ್ಲು. ಮುರಿದ ಕೈಯಲ್ಲಿ ಚಹಾ ಸುರಿಯುವ ನಾಟಕ ನಿನ್ನ ತಾಯಿಯ ಮುಂದೆ ಬೇಡ.

ಸಕ್ಕರೆ ಸಾಕೇ, ಲಾಲ್ಲಾ ರಕಿಯಾ? ನಿಮ್ಮ ಕಡೆ ಜಾಸ್ತಿ ಹಾಕುತ್ತೀರಿ, ಪುದೀನ ಹಳೆಯದಾದಾಗ. ನಮ್ಮದು ಇವತ್ತು ಕಿತ್ತದ್ದು.

ಕಾಸಾಬ್ಲಾಂಕಾದಿಂದ ಬಂದ ವಿನ್ಯಾಸಗಾರ ಇಲ್ಲಿ, ಒಲೆಗೂ ಕೂರುವ ಜಾಗಕ್ಕೂ ನಡುವೆ, ಗಾಜು ಹಾಕೋಣ ಅಂದ. ಗಾಜು! ಫೆಸ್ ಊರಿನ ಮನೆಯಲ್ಲಿ! ಗಂಡಸರು ಬಂದು ಕೂತರೆ ನಮ್ಮ ಹೆಣ್ಣುಮಕ್ಕಳು ತೊಟ್ಟಿಯ ಮೀನಿನ ಹಾಗೆ ಕಾಣಬೇಕೇ? ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದಿದವಳು ನಾನು. ತೆರೆದ ಮನೆ ಬೇರೆ, ಬೆತ್ತಲೆ ಮನೆ ಬೇರೆ. ಜಾಲರಿ ಹಾಕು ಅಂದೆ, ದೇವದಾರಿನದು. ಗಾಳಿ ದಾಟಲಿ, ದನಿ ದಾಟಲಿ, ಸಾರಿನ ಘಮ ದಾಟಲಿ... ಕಣ್ಣು ದಾಟಬಾರದು.

ಅದೇ, ಜಾಲರಿಯ ಈಚೆಗಿರುವುದೇ ನನ್ನ ಪೀಠ. ಸಂಜೆ ಅಲ್ಲಿ ಕೂತು ಜಪಮಣಿ ಎಣಿಸುತ್ತೇನೆ. ಆ ಸಂಜೆಯೂ ಅಲ್ಲೇ ಇದ್ದೆ; ಇಲ್ಲ ಅಂದೆನೇ? ಆದರೆ ಕಂಡದ್ದು... ಏನೂ ಇಲ್ಲ. ಬನ್ನಿ, ಬಗ್ಗಿ ನೋಡಿ. ಅಂಗಳದ ಇಳಿಬಿಸಿಲು ನನ್ನ ಕಡೆ ಇದೆ. ಆಚೆ ಏನು ಕಾಣುತ್ತದೆ? ಒಲೆ? ನಿಮ್ಮ ಮಗಳು? ಬರೀ ಕಪ್ಪು! ನೋಡಿದಿರಲ್ಲ?

ನಾಳೆ ನ್ಯಾಯಾಧೀಶರಿಗೂ ಇದನ್ನೇ ಹೇಳುತ್ತೇನೆ. 'ಗಂಡ ಕೈ ಮುರಿದದ್ದನ್ನು ಅತ್ತೆ ನೋಡಿದ್ದಾರೆ' ಅಂತ ಹೇಳಿಕೊಂಡು ತಿರುಗುತ್ತಿದ್ದಾಳಲ್ಲ! ನಾನು ಕಂಡೆ ಅಂದರೆ ಅವಳಿಗೆ ಮದುವೆಯಿಂದ ಬಿಡುಗಡೆ, ಮಗುವೂ ಅವಳ ಜೊತೆ. ಕಾಣಲಿಲ್ಲ ಅಂದರೆ... ಇದೇ ಒಲೆ, ಇದೇ ಗಂಡ ಥಾಮಿ. ನನ್ನ ಮಗನೇನು ರಾಕ್ಷಸನೇ? ಅವಳು ಜಾರಿದಳು. ಹಿಡಿಯಲು ಅವನು ಎಡಗೈ ಚಾಚಿದ, ಅಷ್ಟೇ.

ಏನು? ಎಡಗೈ ಅಂತ ನನಗೆ ಹೇಗೆ ಗೊತ್ತು? ಅವನೇ ಹೇಳಿದ! ತಾಯಿಗೆ ಮಗ ಹೇಳುವುದಿಲ್ಲವೇ? ಯಾಕೆ ನಗುತ್ತೀರಿ? ಹೆಣ್ಣು ಹೆತ್ತವರು ಬೀಗರ ಮನೆಯಲ್ಲಿ ನಗಬಾರದು, ಅಷ್ಟೂ ಕಲಿಸಲಿಲ್ಲವೇ ನಿಮಗೆ?

ಮಸೀದಿಯ ಬಾಂಗ್ ಆಯಿತು. ಕತ್ತಲಾಗುವ ಮೊದಲು ಹೊರಡಿ, ನಿಮ್ಮ ಓಣಿ ದೂರ. ಅಯ್ಯೋ, ದೀಪ ಬೇಡ... ಅಡುಗೆಮನೆಯ ದೀಪ ಯಾಕೆ? ಬೇಡ ಅಂದೆನಲ್ಲ! ಮುನ್ಯಾ, ಆರಿಸು ಅದನ್ನು! ಕೇಳಿಸಲಿಲ್ಲವೇ? ಆರಿಸು!

ಲಾಲ್ಲಾ ರಕಿಯಾ, ಎಲ್ಲಿಗೆ? ಅದು ನನ್ನ ಪೀಠ. ಅಲ್ಲಿ ಯಾರೂ ಕೂರುವುದಿಲ್ಲ... ಏಳಿ. ಏಳಿ, ಮರ್ಯಾದೆಯಿಂದ ಹೇಳುತ್ತಿದ್ದೇನೆ.

ಆಯಿತು. ಜಾಲರಿಯ ಗುಣವೇ ಅದು. ಬೆಳಕಿನಲ್ಲಿ ನಿಂತವರು ಕಾಣುತ್ತಾರೆ, ಕತ್ತಲಲ್ಲಿ ಕೂತವರು ಕಾಣುವುದಿಲ್ಲ. ಫೆಸ್‌ನಲ್ಲಿ ಯಾವ ಮಗುವಿಗೆ ಗೊತ್ತಿಲ್ಲ ಇದು? ಆದರೆ ಆ ಸಂಜೆ ದೀಪ... ದೀಪ ಇರಲಿಲ್ಲ. ಹರೀರಾ ಸಾರು ಕುದಿಯುತ್ತಿತ್ತು, ಅವಳು ಸೌಟು ಹಿಡಿದು ಬೇಳೆ ಬೆಂದಿದೆಯೇ ಅಂತ ನೋಡುತ್ತಿದ್ದಳು... ಕತ್ತಲಲ್ಲಿ ಯಾರೂ... ಇಲ್ಲ. ಸ್ವಲ್ಪ ಬೆಳಕು ಇದ್ದಿರಬಹುದು.

ಏನಾದರೂ ಅನ್ನಿ. ಬೈಯಿರಿ! ನಿಮ್ಮ ಓಣಿಯಲ್ಲಿ ಬೈಗುಳಕ್ಕೆ ಬರವೇ? ಮಗಳ ಕೈಯನ್ನೇ ಹೀಗೆ ಬಿಟ್ಟ ಕಣ್ಣಿಂದ ನೋಡುತ್ತಾ ಕೂರಬೇಡಿ. ದೀಪ ಆರಿಸಲು ಒಲೆಯ ಕಡೆ ಬಂದೆ; ಇಲ್ಲಿಂದ ನೀವು ನನಗೆ ಕಾಣುತ್ತಿಲ್ಲ. ಇದ್ದೀರಾ? ಲಾಲ್ಲಾ ರಕಿಯಾ?

ಗಂಡಹೆಂಡಿರ ನಡುವೆ ಮೂರನೆಯವಳು ಎದ್ದು ಬರುವುದು ಸಭ್ಯತೆಯಲ್ಲ. ಜಪವನ್ನು ನಡುವೆ ನಿಲ್ಲಿಸಬಾರದು... ಅವಳು ಕೂಗಿದಳು, ಹೌದು. ಜಾಲರಿಗೆ ಮುಖ ಒತ್ತಿ 'ಅಮ್ಮಾ' ಅಂತ ಕೂಗಿದಳು.

ನಿಮ್ಮನ್ನು ಕರೆಯುತ್ತಿದ್ದಾಳೆ ಅಂದುಕೊಂಡೆ.