ತಳ ಹಿಡಿದ ಔಷಧ

ಎಂಬತ್ತೇಳರ ಬೇಸಿಗೆ. ಜೇವರ್ಗಿ ಬಸ್ ನಿಲ್ದಾಣದಲ್ಲಿ ಮೊಮ್ಮಗಳ ಜೊತೆ ಕುಳಿತಿದ್ದ ಪೀರಬಿಯ ಕಿವಿಗೆ ಪಕ್ಕದವರ ಮಾತು ಬಿತ್ತು. ಒಬ್ಬ ಔಷಧ ಕಾರ್ಖಾನೆಯ ಮಾಲೀಕ ದೌಲತರಾಯ. ಇನ್ನೊಬ್ಬ ಅಲ್ಲಿ ಔಷಧ ಪರೀಕ್ಷಿಸುವ ಇಸ್ಮಾಯಿಲ.

“ಈ ಕಾಗದಕ್ಕ ಸಹಿ ಹಾಕು,” ಎಂದ ದೌಲತರಾಯ. “ಜ್ವರಕ್ಕ, ನೋವಿಗೆ ಕುಡಿಸೋ ಔಷಧ ಅದು, ವಿಷ ಅಲ್ಲ.”

“ತಿಂಗಳೊಳಗ ಪುಡಿ ತಳಾ ಹಿಡೀತದ್ರಿ. ಅಲುಗಾಡಿಸಿದ್ರೂ ಏಳವಲ್ದು.”

“ಪುಡಿ ತೇಲಿಸೋ ಅಂಟು ಇನ್ನಷ್ಟು ಹಾಕು.”

“ಹಾಕಿ ನೋಡಾಕತ್ತೇನಿ. ಈಗಿನ ಬಾಟಲ್ಯಾಗ ಮ್ಯಾಲಿನ ಚಮಚಾ ಬರೇ ಸಕ್ಕರಿ ನೀರು, ತಳದ ಚಮಚಾದಾಗ ಮೂರು ಪಟ್ಟು ಔಷಧ. ಕೂಸಿನ ಜೀವ ತಡೀತದೇನ್ರಿ?”

ಪೀರಬಿ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅದರ ಹೆಸರೇನ್ರಿ ಸಾಹುಕಾರ್ರ?”

ದೌಲತರಾಯ ಕಾಗದ ಮಡಚಿದ. “ನಿನಗ ಯಾಕಬೇ ಅದೆಲ್ಲ?”

ಬಿಜಾಪುರದ ಬಸ್ಸು ಬಂತು. ದೌಲತರಾಯ ಮೊದಲು ಹತ್ತಿದ. ಇಸ್ಮಾಯಿಲ ಮೆಟ್ಟಿಲ ಮೇಲೆ ನಿಂತು ಪೀರಬಿಯತ್ತ ತಿರುಗಿದ.

“ಇನ್ನೂ ಅಂಗಡಿಗೆ ಬಂದಿಲ್ಲ ಖಾಲಾ. ನಾ ಸಹಿ ಹಾಕಿಲ್ಲ.”

“ನೀ ಹಾಕಲಿಲ್ಲಂದ್ರ ಮತ್ತೊಬ್ಬ ಹಾಕ್ತಾನ,” ಎಂದಳು ಪೀರಬಿ.

ಇಸ್ಮಾಯಿಲ ಬಾಗಿಲಿನಿಂದ ಹೊರಗೆ ಬಾಗಿದ. ಬಸ್ಸು ಹೊರಟಾಗ, ಒಳಗೆ ಕುಳಿತ ಮಾಲೀಕನಿಗೂ ಕೇಳುವ ಹಾಗೆ, ಆ ಔಷಧದ ಹೆಸರನ್ನು ಎರಡು ಸಲ ಹೇಳಿದ.