ನಾಮ ಕೇಳಿದ ಸಾವ್ಕಾರ, ಗೆರೆ ಎಳೆದ ತಿಪ್ಪ

ಬನ್ನಿ, ಹತ್ರ ಬನ್ನಿ. ಕತೆ ಅಂದ್ರೆ ಬಿಸಿ ಮುದ್ದೆ ಇದ್ದಂಗೆ, ಆರಿದ ಮೇಲೆ ಗಂಟ್ಲಲ್ಲಿ ಇಳಿಯಲ್ಲ. ಅಲ್ಲಿ ಹಿಂದೆ ಕೂತು ಕಡ್ಲೇಕಾಯಿ ಸುಲೀತಿರೋ ಮಹರಾಯ, ನಿನಗೇ ಹೇಳ್ತಿರೋದು. ಕತೆ ಮುಗಿಯೋತನಕ ಆ ಸದ್ದು ನಿಲ್ಲಿಸು.

ಒಂದಾನೊಂದು ಊರು. ಯಾವ ಊರು ಅಂತ ಕೇಳ್ಬೇಡಿ. ಹೇಳಿದ್ರೆ ಆ ಊರೋರು ನಾಳೆ ನನ್ನ ಮನೆ ಬಾಗ್ಲಿಗೆ ಬಂದು ನಿಲ್ತಾರೆ. ಆ ಊರಲ್ಲಿ ಒಬ್ಬ ಗೆರೆಗಾರ ಇದ್ದ. ಗೆರೆಗಾರ ಅಂದ್ರೆ ಏನು? ಲಾರಿ ಬರಲಿ, ಟೆಂಪೊ ಬರಲಿ, ಆಟೊ ಬರಲಿ, ಅದರ ಮೈಮೇಲೆ ಬಣ್ಣದ ಗೆರೆ ಎಳೆಯೋನು. ಕೈಲಿ ಅಳಿಲ ಬಾಲದ ಕೂದಲಿನ ಕುಂಚ. ಉಸಿರು ಬಿಗಿಹಿಡಿದು ಎಳೆದ ಅಂದ್ರೆ ಗೆರೆ ಈ ತುದಿಯಿಂದ ಆ ತುದಿಗೆ ಒಂದೇ ಸಲ ಹೋಗೋದು. ಸೊಟ್ಟ ಇಲ್ಲ, ನಡುಕ ಇಲ್ಲ. ಬಣ್ಣಕ್ಕೆ ಏನು ಬೆರೆಸ್ತಿದ್ನೋ ಅವನಿಗೇ ಗೊತ್ತು. ಮಳೆಗೆ ಹೋಗಲ್ಲ, ಬಿಸಿಲಿಗೆ ಹೋಗಲ್ಲ, ಸೀಮೆಎಣ್ಣೆ ಹಾಕಿ ಉಜ್ಜಿದ್ರೂ ಹೋಗಲ್ಲ. ತೆಗೆಯೋ ಎಣ್ಣೆ ಅವನ ಹತ್ರ ಮಾತ್ರ ಇತ್ತು.

ಅವನ ಹೆಸರು ತಿಪ್ಪ. ಯಾಕೆ ನಗ್ತೀರಿ? ಅವನ ತಾಯಿ ಹೊಂಬಾಳಮ್ಮನಿಗೆ ಮೂರು ಕೂಸು ತೊಟ್ಲಲ್ಲೇ ಹೋದ್ವು. ನಾಲ್ಕನೇದು ಹುಟ್ಟಿದ ದಿನ ಆಕೆ ಏನು ಮಾಡಿದ್ಲು? ಕೂಸನ್ನ ಎತ್ಕೊಂಡು ಹೋಗಿ ತಿಪ್ಪೆ ಮೇಲೆ ಒಂದು ಸುತ್ತು ಹೊರಳಿಸಿ, ತಿಪ್ಪ ಅಂತ ಕರೆದ್ಲು. ಯಮನ ಕಡೆಯೋರು ಬಂದು, ಇದ್ಯಾವುದೋ ಕಸ, ಬಿಡ್ರೋ ಅಂತ ಹೋದ್ರಂತೆ. ಕೂಸು ಉಳೀತು. ಆ ಹೆಸರು ಇರೋತನಕ ನನ್ನ ಮಗನ್ನ ಯಾರೂ ಮುಟ್ಟಲ್ಲ ಅಂತ ಆ ತಾಯಿ ನಂಬಿದ್ಲು. ದಿನಾ ಮಧ್ಯಾಹ್ನ ಬಾಗ್ಲಲ್ಲಿ ನಿಂತು "ತಿಪ್ಪಾ, ಉಣ್ಣಕ್ಕೆ ಬಾರೋ" ಅಂತ ಮೂರು ಬೀದಿಗೆ ಕೇಳೋ ಹಂಗೆ ಕೂಗೋಳು.

ಇನ್ನೊಂದು ಮಾತು ಕೇಳಿ, ಮುಂದೆ ಬೇಕಾಗುತ್ತೆ. ಗೆರೆಗಾರರಿಗೆ ಒಂದು ಕಟ್ಟಳೆ ಉಂಟು. ಗೆರೆ ಎಳೆದ ಮೇಲೆ ಅದರ ಕೆಳಗೆ ಹೆಸರು ಬರೀಬೇಕು. ಹೆಸರಿರೋ ಗೆರೆ ಬರೆದೋನದು, ತಿದ್ದೋನೂ ಅವನೇ, ಅಳಿಸೋನೂ ಅವನೇ. ಹೆಸರಿಲ್ಲದ ಗೆರೆ ಯಾರದೋ ಏನೋ, ಅದನ್ನ ಯಾವ ಗೆರೆಗಾರನೂ ಮುಟ್ಟೋ ಹಂಗಿಲ್ಲ. ತಿಪ್ಪನ ಗೆರೆ ಕೆಳಗೆ ಬಳ್ಳಿ ಸುತ್ತಿದಂಗೆ "ತಿಪ್ಪ" ಅಂತ ಇರೋದು. ಆ ಎರಡಕ್ಷರ ಇದ್ರೇನೇ ಗಾಡಿಗೆ ಮರ್ಯಾದೆ.

ಅದೇ ಊರಲ್ಲಿ ಜವಳಿ ಅಂಗಡಿ ಸಾವ್ಕಾರ ಒಬ್ಬ, ಚನ್ನಂಜಪ್ಪ ಅಂತ. ಅವನಿಗೊಂದು ಚಟ, ದೊಡ್ಡ ದೊಡ್ಡ ಮಾತಾಡೋದು. ನೀರು ಅನ್ನಲ್ಲ, ಜಲ ಅಂತಿದ್ದ. ಊಟ ಅನ್ನಲ್ಲ, ಭೋಜನ ಅಂತಿದ್ದ. ಹೆಸರು ಅನ್ನಲ್ಲ, ನಾಮ ಅಂತಿದ್ದ. ಒಂದಿನ ಬೀದೀಲಿ ಹೋಗೋ ಗಾಡಿ ಮೇಲೆಲ್ಲ ತಿಪ್ಪ, ತಿಪ್ಪ, ತಿಪ್ಪ ಅಂತ ನೋಡಿದ. ಇದನ್ನೇ ಅಂಗಿ ಮೇಲೆ ಹಾಕಿದ್ರೆ ಹೆಂಗೆ ಅಂತ ತಲೆಗೆ ಹೊಳೀತು. ತಿಪ್ಪನ್ನ ಕರೆಸಿ, ಬಾಳೆಲೆ ಹಾಕಿ ಹೋಳಿಗೆ ಬಡಿಸಿ, ಒಂದು ಕಾಗದ ಮುಂದಿಟ್ಟ. "ನಿನ್ನ ನಾಮ ನನಗೆ ಕೊಡಪ್ಪ" ಅಂದ. ಹೆಸರು ಕೊಟ್ರೆ ಸವೀತದಾ ಅಂತ ತಿಪ್ಪ ಓದದೆ ಸಹಿ ಹಾಕಿದ. ಬದಲಿಗೆ ಸಿಕ್ಕಿದ್ದೇನು? ಅವನದೇ ಹೆಸರು ಹೊಲಿದ ಒಂದು ಅಂಗಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಆಮೇಲೆ ನೋಡ್ರಪ್ಪ ಭರಾಟೆ. ಮದುವೆ ಗಂಡಿನ ಎದೆ ಮೇಲೆ ತಿಪ್ಪ. ಕಾಲೇಜು ಹುಡುಗಿಯರ ಬೆನ್ನ ಮೇಲೆ ತಿಪ್ಪ. ಪಟ್ಟಣದ ದೊಡ್ಡಮನುಷ್ಯರಿಗೆ ತಿಪ್ಪೆ ಅಂದ್ರೇನು ಅಂತ ಎಲ್ಲಿ ಗೊತ್ತು? ಅದ್ಯಾವುದೋ ಪರದೇಶದ ಮಾತು ಅಂದ್ಕೊಂಡು ಕ್ಯೂ ನಿಂತು ತಗೊಂಡ್ರು. ತಿಪ್ಪೆ ಮೇಲೆ ಮಲಗಿ ಉಪ್ಪರಿಗೆ ಕನಸು ಕಾಣೋರನ್ನ ನೋಡಿದ್ದೀವಿ. ಇವರು ಉಪ್ಪರಿಗೇಲಿ ಮಲಗಿ ತಿಪ್ಪೆ ಹೊದ್ಕೊಂಡ್ರು.

ತಿಪ್ಪನೂ ಖುಷಿಯಾಗಿದ್ದ. ಎಷ್ಟು ದಿನ? ಸಾವ್ಕಾರನ ಗುಮಾಸ್ತ ಬರೋತನಕ. ಗುಮಾಸ್ತ ಬಂದು ಕಾಗದ ಓದಿ ಹೇಳಿದ: ಇನ್ಮೇಲೆ ಈ ಹೆಸರು ಅಂಗಡೀದು. ಗಾಡಿ ಮೇಲೆ ಬರೆಯೋ ಹಂಗಿಲ್ಲ, ಬಾಯಲ್ಲಿ ಕೂಗೋ ಹಂಗೂ ಇಲ್ಲ.

ತಿಪ್ಪ ಹೆಸರು ಬರೀದೆ ಒಂದು ಆಟೊಗೆ ಗೆರೆ ಎಳೆದ. ಆಟೊದೋನು ಬಗ್ಗಿ ನೋಡಿ, ಹೆಸರೆಲ್ಲಿ, ಇದು ಡೂಪ್ಲಿಕೇಟು ಅಂದ. ಹಾಲಿನ ವ್ಯಾನಿಗೆ ಎಳೆದ. ವ್ಯಾನಿನೋನೂ ಬಗ್ಗಿ ನೋಡಿ ಡೂಪ್ಲಿಕೇಟು ಅಂದ. ಟ್ರ್ಯಾಕ್ಟರಿನೋನು ಬಗ್ಗಿ ನೋಡೋ ಕಷ್ಟಾನೂ ತಗೊಳ್ಳಲಿಲ್ಲ. ಕೆಲಸ ನಿಂತೋಯ್ತು.

ಅದು ಹೋಗ್ಲಿ. ಮನೇಲಿ ಹೊಂಬಾಳಮ್ಮ ಬಾಗ್ಲಲ್ಲಿ ನಿಂತು ಬಾಯಿ ತೆಗೆಯೋಳು, ಗುಮಾಸ್ತನ ನೆನಪಾಗಿ ಬಾಯಿ ಮುಚ್ಚೋಳು. "ಲೇ, ಇವನೇ" ಅಂತ ಸಣ್ಣಗೆ ಕರೆಯೋಳು. ಒಂದಿನ ತುತ್ತು ಹಾಗೇ ಬಿಟ್ಟು ಅತ್ತಳು. "ನಿನ್ನ ಕಾಯೋಕೆ ನನ್ನ ಹತ್ರ ಇದ್ದಿದ್ದು ಅದೊಂದೇ ಕಣೋ. ಅದನ್ನೂ ಒಂದು ಅಂಗಿಗೆ ಕೊಟ್ಟು ಬಂದ್ಯಲ್ಲ" ಅಂದ್ಲು. ತಿಪ್ಪ ಎದ್ದು ಕೈ ತೊಳೆದ. ಏನಾದ್ರೂ ಸರಿ, ಹೆಸರು ವಾಪಸ್ ತರ್ತೀನಿ ಅಂತ ಹೊರಟ.

ಮೂರು ಸಲ ಹೋದ. ಮೊದಲ್ನೇ ಸಲ ಸಾವ್ಕಾರ್ರು ಪೂಜೇಲಿದ್ದಾರೆ ಅಂದ್ರು. ಎರಡನೇ ಸಲ ಭೋಜನದಲ್ಲಿದ್ದಾರೆ ಅಂದ್ರು. ಮೂರನೇ ಸಲ ಸಾವ್ಕಾರನೇ ಬಾ ಬಾ ಅಂತ ಕರೆದ. ಯಾಕೆ? ಹೊಸ ಕಾರು ತಗೊಂಡಿದ್ದ. ಕಪ್ಪು ಕಾರು, ಮುಖ ನೋಡ್ಕೊಂಡು ಮೀಸೆ ತಿದ್ಕೋಬಹುದು, ಅಂಥ ಹೊಳಪು. ಶುಕ್ರವಾರ ಹೊಸ ಅಂಗಡಿ ಬಾಗ್ಲು ತೆಗೆಯೋದಿತ್ತು, ಅದಕ್ಕೆ ಆ ಕಾರಲ್ಲಿ ಮೆರವಣಿಗೆ ಆಗ್ಬೇಕಿತ್ತು.

ಹೆಸರು ವಾಪಸ್ ಕೊಡಿ, ನಮ್ಮವ್ವ ಊಟ ಬಿಟ್ಟವಳೆ ಅಂತ ತಿಪ್ಪ ಕೈಮುಗಿದ. ಸಾವ್ಕಾರ ಹಲ್ಲು ಕಿರಿದು, "ನಿನ್ನ ನಾಮ ಈಗ ನನ್ನದು. ಕಾರಿಗೆ ಬರೀ ಗೆರೆ ಎಳಿ, ಎಲ್ಲೂ ಸಹಿ ಕೂಡದು. ನೋಡಿದ ತಕ್ಷಣ ಇದು ಚನ್ನಂಜಪ್ಪನದೇ ಅನ್ಬೇಕು ಜನ" ಅಂದ.

ತಿಪ್ಪ ತಲೆ ಕೆರ್ಕೊಂಡ. ನಾಮ ನಿಮ್ಮದೇ ತಾನೇ ಸಾವ್ಕಾರ್ರೇ ಅಂತ ಕೇಳಿದ. ನನ್ನದೇ ಅಂದ. ಖಂಡಿತ ನಿಮ್ಮದೇ ತಾನೇ ಅಂದ ತಿಪ್ಪ. ನೂರು ಸಲ ನನ್ನದೇ ಅಂದ ಸಾವ್ಕಾರ. ಸರಿ ಬಿಡಿ ಅಂತ ತಿಪ್ಪ ಕುಂಚ ಅದ್ದಿದ.

ಶುಕ್ರವಾರ ಬಂತು. ಓಲಗ ಬಂತು, ಊರಿಗೂರೇ ಬಂತು. ಬಣ್ಣ ಆರೋತನಕ ಯಾರೂ ನೋಡ್ಬಾರ್ದು ಅಂತ ತಿಪ್ಪ ಕಾರಿನ ಮೇಲೆ ಬಟ್ಟೆ ಹೊದಿಸಿದ್ದ. ಸಾವ್ಕಾರ ಮೀಸೆ ತಿರುವಿ ಬಟ್ಟೆ ಎಳೆದ. ಎಡಕ್ಕೆ ಗೆರೆ, ಬಲಕ್ಕೆ ಗೆರೆ, ಜನ ಬಾಯಿ ಬಿಟ್ಕೊಂಡು ನೋಡಿದ್ರು. ಆಮೇಲೆ ಮುಂದಕ್ಕೆ ಬಂದು ನೋಡಿದ್ರು. ಕಾರಿನ ಹಣೆ ಮೇಲೆ, ಬಾನೆಟ್ ತುಂಬ, ಬಿಳೀದೊಂದು, ಕೆಂಪೊಂದು, ಬಿಳೀದೊಂದು. ಮೂರು ಗೆರೆ, ನೆಟ್ಟಗೆ, ಬುಡ ಕೂಡಿದ್ದು.

ಏನದು? ನನ್ನ ಕೈಲಿ ಯಾಕೆ ಹೇಳಿಸ್ತೀರಿ? ಓಲಗದೋನು ಊದೋದು ನಿಲ್ಲಿಸಿ, "ಅಯ್ಯೋ, ಊರಿಗೆಲ್ಲ ಹಾಕ್ತಿದ್ದ ಸಾವ್ಕಾರ್ರಿಗೇ ನಾಮ ಬಿತ್ತಲ್ಲ" ಅಂದ. ನಗು ಹತ್ಕೊಂಡ್ತು ನೋಡಿ, ಮೂರು ದಿನ ಆರಲಿಲ್ಲ.

ಸಾವ್ಕಾರ ಹೂವಿನ ಹಾರ ಹಾಕಿ ಮುಚ್ಚಿದ, ಗಾಳಿಗೆ ಹಾರಿತು. ಸೀಮೆಎಣ್ಣೆ ಹಾಕಿ ಉಜ್ಜಿಸಿದ, ನಾಮ ಇನ್ನೂ ಫಳಫಳ ಅಂತು. ಅಕ್ಕಪಕ್ಕದ ಊರಿನ ಮೂವರು ಗೆರೆಗಾರರನ್ನ ಕರೆಸಿದ. ಮೂವರೂ ಬಗ್ಗಿ ನೋಡಿದ್ರು, ಮೂವರೂ ಒಂದೇ ಮಾತು ಹೇಳಿದ್ರು. ಹೆಸರಿಲ್ವಲ್ಲ ಸ್ವಾಮಿ, ಯಾರ ಗೆರೇನೋ ಏನೋ, ನಾವು ಮುಟ್ಟಲ್ಲ ಅಂದ್ರು. ಹೊಸ ಅಂಗಡಿಗೆ ಜನ ಬಂದ್ರು, ಅಂಗಿಗಲ್ಲ, ನಾಮ ನೋಡೋಕೆ.

ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು. ಸಾವ್ಕಾರ ಕಾರು ತಗೊಂಡು ತಿಪ್ಪನ ಮನೆ ಮುಂದೆ ನಿಂತ. ಇದೇನಯ್ಯ ಮಾಡ್ದೆ, ಅಳಿಸು ಅಂದ.

"ನಾಮ ನಿಮ್ಮದು ಅಂತ ನೂರು ಸಲ ಅಂದ್ರಿ. ನಿಮ್ಮದನ್ನ ನಿಮಗೇ ಹಾಕ್ದೆ" ಅಂದ ತಿಪ್ಪ. "ಅಳಿಸೋಕೆ ನಂಗೇನೂ ಬೇಜಾರಿಲ್ಲ. ಆದ್ರೆ ಹೆಸರಿಲ್ಲದ ಗೆರೆ ಮುಟ್ಟೋ ಹಂಗಿಲ್ಲ. ಮೊದಲು ನನ್ನದು ಅಂತ ಬರೀಬೇಕು. ಬರೆಯೋಣ ಅಂದ್ರೆ ನಂಗೆ ಹೆಸರೇ ಇಲ್ವಲ್ಲ."

ಸಾವ್ಕಾರ ಹಲ್ಲು ಕಡಿದು ಕಾಗದ ಹರಿದ. ತಗೋ ನಿನ್ನ ನಾಮ ಅಂದ.

"ನಾಮ ಬೇಡ ಸಾವ್ಕಾರ್ರೇ, ನಿಮ್ಮ ಹತ್ರಾನೇ ಇರ್ಲಿ. ಹೆಸರು ಕೊಡಿ."

"ತಗೋ ಮಾರಾಯ, ನಿನ್ನ ಹೆಸರು" ಅಂತ ಸಾವ್ಕಾರ ಹುಟ್ಟಿದ್ಮೇಲೆ ಮೊದಲ್ನೇ ಸಲ ಕನ್ನಡದಲ್ಲಿ ಮಾತಾಡಿದ.

ತಿಪ್ಪ ಕುಂಚ ತಗೊಂಡು, ಮೂರು ಗೆರೆ ಕೆಳಗೆ, ಬಳ್ಳಿ ಸುತ್ತಿದಂಗೆ, ಅಂಗೈ ಅಗಲ ಬರೆದ. ಆಮೇಲೆ ತನ್ನ ಎಣ್ಣೆ ಹಚ್ಚಿ ಒರೆಸಿದ. ಬಿಳೀದು ಹೋಯ್ತು, ಕೆಂಪು ಹೋಯ್ತು, ಬಿಳೀದು ಹೋಯ್ತು. ಕಾರಿನ ಹಣೆ ಮೇಲೆ ಉಳಿದದ್ದು "ತಿಪ್ಪ". ಇದನ್ನೂ ಅಳಿಸಯ್ಯ ಅಂತ ಸಾವ್ಕಾರ ಗೋಗರೆದ.

"ಅದು ನಮ್ಮವ್ವ ಇಟ್ಟ ಹೆಸರು. ಅಳಿಸಿದ್ರೆ ಬೈತಾಳೆ" ಅಂದ ತಿಪ್ಪ.

ಅಂಗಿ ಮೇಲೆ ಬೇಕಾದ್ರೆ ಹಾಕ್ಕೊಳ್ಳಿ, ಹೆಸರಿರೋದೇ ನಾಲ್ಕು ಜನ ಕರೆಯೋಕೆ, ಬೀಗ ಮಾತ್ರ ಹಾಕ್ಬೇಡಿ ಅಂತಾನೂ ಹೇಳಿದ. ಅಷ್ಟೊತ್ತಿಗೆ ಬಾಗ್ಲಲ್ಲಿ ಹೊಂಬಾಳಮ್ಮ ಬಂದು ನಿಂತಿದ್ಲು. ಸೊಂಟಕ್ಕೆ ಕೈ ಕೊಟ್ಟು, ಎಷ್ಟೋ ತಿಂಗಳ ಉಸಿರು ಒಟ್ಟು ಸೇರಿಸಿ ಕೂಗಿದ್ಲು.

"ತಿಪ್ಪಾ, ಉಣ್ಣಕ್ಕೆ ಬಾರೋ."

ಮೂರು ಬೀದಿ ಅಲ್ಲ, ಆರು ಬೀದಿಗೆ ಕೇಳಿಸ್ತಂತೆ. ಮದುವೆ ಮನೇಲಿ, ಅಂಗಡೀಲಿ, ಕಾಲೇಜಲ್ಲಿ, ಅಂಗಿ ಹಾಕ್ಕೊಂಡೋರೆಲ್ಲ ಒಂದು ಸಲ ತಿರುಗಿ ನೋಡಿದ್ರಂತೆ.

ಕತೆ ಅತ್ಲಾಗೆ ಗಾಡಿ ಹತ್ತಿ ಹೋಯ್ತು, ನಾವು ಇತ್ಲಾಗೆ ಧೂಳು ಒರೆಸ್ಕೊಂಡು ಕೂತ್ವಿ. ಕಡ್ಲೇಕಾಯಿ ಮಹರಾಯ, ಈಗ ಸುಲಿ. ನಂಗೂ ಒಂದು ಹಿಡಿ ಕೊಡು, ಇಲ್ಲಾಂದ್ರೆ ನೀನು ನಂಗೆ ನಾಮ ಹಾಕ್ದೆ ಅಂತ ಊರೆಲ್ಲ ಹೇಳ್ಕೊಂಡು ಬರ್ತೀನಿ.